ಡಿಶ್‌ವಾಷರಿನ ಹುಳಿ ವಾಸನಿ

ಗೆಳೆಯರ, ನಿಮ್ಮ ಮನಿ ಡಿಶ್‌ವಾಷರ್ ನಾರತೈತೇನ್ರಿ? ನಮ್ಮದು ವಾರದಿಂದ ಹುಳಿಹುಳಿ ನಾರಾಕತ್ತಿತ್ತು. ನಿಂಬಿಹಣ್ಣು ಹಾಕಿದೆ, ವಿನಿಗರ್ ಸುರದೆ, ಹೋಗಲಿಲ್ಲ. ಇವತ್ತ ಮುಂಜಾನಿಂದ ಕುಂತಲ್ಲೆ ಕೂಡಾಕಾಗವಲ್ದು, ಹೋಗ್ತಾ ಬರ್ತಾ ಬಾಗಲಾ ತಗದು ಮೂಸೋದ ಆತು.

ನಮ್ಮವರು ನಾಸಿಕದ ಹತ್ರ ಓಝರ್ ವಿಮಾನ ಕಾರ್ಖಾನಿಯೊಳಗ ಇಂಜಿನಿಯರ್. "ವಿಮಾನಾನ ಬಿಚ್ಚಿ ಜೋಡಸ್ತೀನಿ, ಇದ್ಯಾವ ಲೆಕ್ಕ?" ಅಂತ ಸ್ಪ್ಯಾನರ್ ಹಿಡದು ಕುಂತ್ರು. ತಳದ ಫಿಲ್ಟರ್ ತಗದ್ರ ಬೆಳ್ಳಗ, ಲೋಳಿ ಲೋಳಿ!

"ಏನಿದು?" ಅಂತ ಒದರಿದ್ರು.

ಅತ್ತಿ ತಣ್ಣಗ ಅಂದ್ರು, "ಇಡ್ಲಿ ಹಿಟ್ಟಪಾ ಅದು. ಈ ನಾಸಿಕದ ಥಂಡಿಗೆ ಉಬ್ಬಂಗಿಲ್ಲ. ಮಷೀನ್ ಬಂದ್ ಆದಮ್ಯಾಲೆ ಒಳಗ ಬೆಚ್ಚಗಿರತೈತಿ, ಹಿಟ್ಟಿನ ಡಬರಿ ಅಲ್ಲೇ ಇಡತೀನಿ. ಒಂದೆರಡು ಸಲ ಉಕ್ಕಿರಬೇಕು."

ಹತ್ತಿಯಂಥಾ ಇಡ್ಲಿ ಅಂತ ವಾರಪೂರ್ತಿ ಹೊಗಳಿ ತಿಂದವ್ರು ನಾವ!

"ಇನ್ನ ಅಲ್ಲಿ ಇಡಬ್ಯಾಡವ್ವಾ" ಅಂದ್ರು ನಮ್ಮವರು.

"ಆತಪಾ. ನಾಳಿಂದ ಉಪ್ಪಿಟ್ಟು."

ನಮ್ಮವರು ಫಿಲ್ಟರ್ ತೊಳದು ತಿರಗಿ ಕೂಡಿಸಿದ್ರು. ಆಮ್ಯಾಲೆ ಮೆಲ್ಲಕ ಅಂದ್ರು, "ಡಬರಿ ಕೆಳಗ ಒಂದು ತಾಟ್ ಇಡವ್ವಾ."

ಈಗ ಮಷೀನಿನೊಳಗ ಹಿಟ್ಟು ಬೆಚ್ಚಗ ಮಲಗೈತಿ. ಮುಸುರಿ ಭಾಂಡೆ ತಣ್ಣೀರಾಗ ನಾನು ತಿಕ್ಕಾಕತ್ತೀನಿ.