ಎದುರುಮನೆ ಆಂಟಿಯ ಮಳೆ ಚೀಟಿ

ಎದುರುಮನೆ ಆಂಟಿಯ ಬಲಗೈ ತೋರುಬೆರಳು ಕೊಕ್ಕೆಯಂತೆ ಬಾಗಿತ್ತು. ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದಾಗ ಯಾವುದೋ ತಗಡಿಗೆ ಸಿಕ್ಕಿತ್ತಂತೆ. ಹಾಗಾಗಿ ಫೋನನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು, ಹಲಸು ಮಾಗಿದೆಯೋ ಇಲ್ಲವೋ ಎಂದು ತಟ್ಟಿ ನೋಡುವ ಹಾಗೆ.

ತುಮಕೂರಿನ ಕಡೆಯವರು. ಓದಲೆಂದು ಸಿಯಾಟಲ್‌ಗೆ ಬಂದು ಇಲ್ಲೇ ನಿಂತವರು. ನಿವೃತ್ತರಾದ ಮೇಲೆ ಅದರ ಪಕ್ಕದ ಕೆನ್ಮೋರ್‌ನ ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಅವರಿಗಿದ್ದ ಹುಚ್ಚು ಬಾಜಿ ಮಾರುಕಟ್ಟೆ. ಈ ತಿಂಗಳ ಮಳೆ ಇಷ್ಟು ಇಂಚು ದಾಟುತ್ತದೆಯೇ? ಫೋನಿನಲ್ಲೇ 'ಹೌದು' ಚೀಟಿ, 'ಇಲ್ಲ' ಚೀಟಿ ಮಾರಾಟಕ್ಕಿರುತ್ತವೆ. ಗೆದ್ದ ಚೀಟಿಗೆ ಒಂದು ಡಾಲರು, ಸೋತದ್ದಕ್ಕೆ ಸೊನ್ನೆ. ಅಲ್ಲಿಯವರೆಗೆ ಬೆಲೆ ಏರಿಳಿಯುತ್ತಿರುತ್ತದೆ, ಯಾವಾಗ ಬೇಕಾದರೂ ಕೊಳ್ಳಬಹುದು, ಮಾರಬಹುದು.

ನನಗೆ ಪುಟ್ಟ ಮಕ್ಕಳ ಟೀಚರ್ ಆಗುವ ಆಸೆ. ಕೋರ್ಸಿನ ಫೀಸನ್ನು ಗಂಡನ ಹತ್ತಿರ ಕೇಳಬಾರದು, ನನ್ನದೇ ದುಡ್ಡಾಗಬೇಕು ಎಂಬ ಹಠ ಬೇರೆ. ರವಿಕೆ ಹೊಲಿದು ಕೂಡಿಟ್ಟದ್ದು ಅರ್ಧಕ್ಕೂ ಸಾಲದು. ಒಂದು ದಿನ ಆಂಟಿಯ ಮುಂದೆ ಇದನ್ನು ಹೇಳಿಕೊಂಡೆ.

"ಏನೇ ಕಾನ್ವೆಂಟು, ಮೋಡ ನೋಡೋದು ನಿಂಗೆ ಚೆನ್ನಾಗ್ ಬರುತ್ತೆ. ಆಸೆ ಕಟ್ಟಿಹಾಕೋದು ಬರುತ್ತಾ? ಬಂದ್ರೆ ಈ ಚೀಟಿ ಆಟ ಕಲಿಸ್ಕೊಡ್ತೀನಿ," ಎಂದರು. ಸಿಸ್ಟರುಗಳ ಶಾಲೆಯಲ್ಲಿ ಓದಿದವಳೆಂದು ನನ್ನನ್ನು ಹಾಗೇ ಕರೆಯುತ್ತಿದ್ದರು.

ಅವರ ನಿಯಮ ಒಂದೇ. ಚೀಟಿ ಕೊಳ್ಳುವ ಮುಂಚೆಯೇ, ಲಾಭ ಎಷ್ಟಾದಾಗ ಮುಗಿಸುವುದು, ನಷ್ಟ ಎಷ್ಟಾದಾಗ ಬಿಡುವುದು ಎಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಬೇಕು. "ವಿಮಾನ ಎಲ್ಲಿ ಇಳೀಬೇಕು ಅಂತ ಏರೋಕ್ ಮುಂಚೆ ಬರೀತಾರೆ ಕಣೇ. ಮೇಲೆ ಹೋದ್ಮೇಲೆ ಆಕಾಶ ಚೆನ್ನಾಗಿದೆ ಅಂತ ಸುತ್ತುತ್ತಾ ಇರಲ್ಲ."

ಮೊದಲ ತಿಂಗಳು ಪೆನ್ಸಿಲಿನಲ್ಲಿ ಎಪ್ಪತ್ತು ಎಂದು ಬರೆದೆ. ಬೆಲೆ ಎಪ್ಪತ್ತು ಸೆಂಟು ಮುಟ್ಟಿತು. ಇನ್ನೂ ಏರುವಂತೆ ಕಂಡಿತು. ರಬ್ಬರಿನಿಂದ ಅಳಿಸಿ ತೊಂಬತ್ತು ಮಾಡಿದೆ. ಬಿಸಿಲು ಬಿದ್ದು ಹಾಕಿದ್ದೆಲ್ಲ ಹೋಯಿತು. ಕಾಫಿಗೆ ಬಂದ ಆಂಟಿ ಕಾಗದವನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು.

"ಪರೀಕ್ಷೆ ಬೆಲ್ ಆದ್ಮೇಲೂ ನಿಮ್ಮ ಸಿಸ್ಟರು ಉತ್ತರ ತಿದ್ದೋಕ್ ಬಿಡ್ತಿದ್ರಾ?"

"ಇಲ್ಲ ಆಂಟಿ, ಪೇಪರು ಕಿತ್ಕೋತಿದ್ರು."

"ಮತ್ತೆ?"

ಅಷ್ಟೇ ಹೇಳಿ, ತಮ್ಮ ಪೆನ್ನನ್ನು ಮೇಜಿನ ಮೇಲಿಟ್ಟು ಹೋದರು.

ಆಮೇಲೆ ಪೆನ್ನಿನಲ್ಲೇ ಬರೆದೆ. ಬರೆದದ್ದನ್ನು ಮೀರಲಿಲ್ಲ. ಸ್ವಲ್ಪ ಸ್ವಲ್ಪವೇ ಲಾಭ ಕೂಡಿತು. ಫೀಸು ಕಟ್ಟುವ ಗಡುವು ಹತ್ತಿರವಾದ ನವೆಂಬರಿನಲ್ಲಿ, ಆ ಲಾಭವನ್ನಷ್ಟೇ ಹಾಕಿ ಮೂವತ್ತು ಸೆಂಟಿನಂತೆ 'ಹೌದು' ಚೀಟಿ ಕೊಂಡೆ. ಕಾಗದದಲ್ಲಿ ಎಂಬತ್ತು ಎಂದು ಬರೆದೆ. ನನ್ನನ್ನು ನೋಡಿ ನಮ್ಮವರೂ ಕೊಂಡರು, ಕಾಗದ ಮಾತ್ರ ಬರೆಯಲಿಲ್ಲ.

ಎರಡು ವಾರ ಬಿಡದೆ ಸುರಿಯಿತು. ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಬೆಲೆ ಎಂಬತ್ತಕ್ಕೆ ಬಂತು. ಆಂಟಿ ಕಲಿಸಿಕೊಟ್ಟಂತೆ, ನನ್ನಲ್ಲಿದ್ದ 'ಹೌದು' ಚೀಟಿಗಳಷ್ಟೇ 'ಇಲ್ಲ' ಚೀಟಿಗಳನ್ನು ರವಿಕೆಯ ದುಡ್ಡಿನಿಂದ ಇಪ್ಪತ್ತು ಸೆಂಟಿನಂತೆ ಕೊಂಡೆ; 'ಹೌದು' ಚೀಟಿ ಮಾರಿದ್ದರೂ ಲಾಭ ಅಷ್ಟೇ. ಈಗ ಜೋಡಿಗೆ ಐವತ್ತು ಸೆಂಟು ಖರ್ಚು. ಮಳೆ ಬಂದರೂ ಬರದಿದ್ದರೂ ಜೋಡಿಯಲ್ಲಿ ಒಂದು ಗೆಲ್ಲಲೇಬೇಕು, ಡಾಲರು ಬರಲೇಬೇಕು. ಫೀಸಿಗೆ ಸರಿಹೋಗುತ್ತಿತ್ತು.

"ಪೆದ್ದಿ, ಸಿಯಾಟಲ್ಲಲ್ಲಿ ನವೆಂಬರ್ ಮಳೆ ನಿಲ್ಲುತ್ತೇನೇ? ಸುಮ್ನೆ ಇದ್ದಿದ್ರೆ ಇನ್ನೂ ಸಿಗ್ತಿತ್ತು," ಎಂದು ನಮ್ಮವರು ನಕ್ಕರು.

ಮರುದಿನ ಬಿಸಿಲು. ಅದರ ಮರುದಿನವೂ. ನಮ್ಮವರು ಹಲ್ಲುಜ್ಜುತ್ತಲೇ ಹೊರಗೆ ಹೋಗಿ ಆಕಾಶ ನೋಡಿ ಬರುವರು. "ಡ್ಯಾಡಿ, ಡೂ ಎ ರೈನ್ ಡಾನ್ಸ್," ಎಂದು ಮಗಳು ರೇಗಿಸುವಳು. ತಿಂಗಳು ಮುಗಿದಾಗ ಮಳೆಯ ಲೆಕ್ಕ ಕೂದಲೆಳೆಯಷ್ಟು ಕಡಿಮೆಯಾಗಿ ನಿಂತಿತ್ತು. ಅವರ ಚೀಟಿಗಳೆಲ್ಲ ಸೊನ್ನೆ.

ಆಂಟಿ ಚಪ್ಪಲಿ ಬಿಡುತ್ತಲೇ ಕೇಳಿದರು, "ಏನ್ ಸ್ವಾಮಿ, ಇನ್ನೂ ಹಾರ್ತಾನೇ ಇದೀರಾ? ಪೆಟ್ರೋಲ್ ಇದ್ಯಾ?"

ನಮ್ಮವರೂ ನಕ್ಕುಬಿಟ್ಟರು. ಫೀಸನ್ನು ಆಂಟಿಯ ಎದುರಿಗೇ ಕಟ್ಟಿದೆ. ಒಂದೊಂದು ಡಾಲರೂ ನನ್ನದೇ.

ಸರ್ಟಿಫಿಕೇಟು ಕೊಟ್ಟ ದಿನ ಅವರು ರೇಷ್ಮೆ ಸೀರೆಗೆ ಸ್ನೀಕರ್ಸ್ ಹಾಕಿಕೊಂಡು ಬಂದು, ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಹೊರಗೆ ಬಂದ ಮೇಲೆ, "ಇನ್ನು ಆ ಚೀಟಿ ಅಂಗಡೀನ ಫೋನಿಂದ ತೆಗೆದುಹಾಕು. ಬೇಕಾದ್ದು ಸಿಕ್ತಲ್ಲ," ಎಂದರು. ಅಲ್ಲೇ ತೆಗೆದುಹಾಕಿದೆ.

ಮುಂದಿನ ಚಳಿಗಾಲದಲ್ಲಿ ಆಂಟಿ ತೀರಿಕೊಂಡರು. ಹತ್ತಿರದ ಕ್ಯಾನ್ಯನ್ ಪಾರ್ಕ್ ಬಡಾವಣೆಯ ಶಿಶುವಿಹಾರದ ಬಾಗಿಲನ್ನು ಈಗ ಬೆಳಿಗ್ಗೆ ತೆರೆಯುವವಳು ನಾನೇ. ಹೊರಗಿನಿಂದ ಮಕ್ಕಳು ಗಾಜಿಗೆ ಮೂಗೊತ್ತಿ "ಟೀಚರ್! ಟೀಚರ್!" ಎಂದು ಬಡಿಯುತ್ತಾರೆ. ಚಿಲಕ ತೆಗೆಯುವ ಮುಂಚೆ ಒಂದು ಕ್ಷಣ ಬೇಕೆಂದೇ ನಿಂತು ಕೇಳಿಸಿಕೊಳ್ಳುತ್ತೇನೆ.