ಏಳನೆಯ ತಾಮ್ರದ ಬಟ್ಟಲು

ವಿಚಿತ್ರ ಅನುಭವಗಳನ್ನು ಹೇಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಲೋಹ ಕಡೆಯುವ ಲೇಥ್ ಯಂತ್ರದ ಮುಂದೆ ನಿಂತವನು ನಾನು. ಅಳತೆಗೆ ಬಂದರೆ ಖರೆ, ಬಾರದಿದ್ದರೆ ಸುಳ್ಳು. ಅಷ್ಟೇ ನನ್ನ ವೇದಾಂತ. ನೀವೂ ಇದನ್ನು ಓದಿ ನಕ್ಕರೆ ನನಗೆ ಬೇಸರವಿಲ್ಲ.

ರಾಯಾಪುರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಶೈಲಾ ಎಂಬ ಭೌತಶಾಸ್ತ್ರದ ಸಂಶೋಧಕಿ ಬಂದರು. ಧಾರವಾಡದವರೇ. ಅತಿ ಸಣ್ಣ ಕಣಗಳಿಗೆ ವೇಗ ಕೊಡುವ ಯಂತ್ರವೊಂದರ ವಿನ್ಯಾಸಕ್ಕೆ ಆರು ವರ್ಷ ದುಡಿದಿದ್ದರು. ಅದಕ್ಕೆ ಒಂದರ ಬೆನ್ನಿಗೆ ಒಂದು ಜೋಡಿಸುವ ಹನ್ನೆರಡು ತಾಮ್ರದ ಬಟ್ಟಲು ಬೇಕಿತ್ತು. ಒಳಗಿನ ಅಗಲ ಕೂದಲೆಳೆಯ ಹತ್ತನೇ ಪಾಲು ತಪ್ಪಿದರೂ ಕಣಗಳಿಗೆ ಬೇಕಾದ ವೇಗ ಸಿಗುವುದಿಲ್ಲವಂತೆ. ಪರದೇಶದಿಂದ ತರಿಸಿದ ಶುದ್ಧ ತಾಮ್ರ, ಎಣಿಸಿ ಹನ್ನೆರಡೇ ತುಂಡು. ಯೋಜನೆಯ ಗಡುವು ಆ ತಿಂಗಳಿಗೇ ಮುಗಿಯುತ್ತಿತ್ತು.

"ಒಂದು ಕೆಟ್ರೂ ನನ್ನ ಆರು ವರ್ಷ ಹೋದಂಗ ನೋಡ್ರಿ, ಕಾಕಾ."

"ನನ್ನ ಕೈಯಾಗ ತಾಮ್ರ ಇಲ್ಲೀತನಕಾ ಅತ್ತಿಲ್ಲ, ತಂಗಿ," ಎಂದೆ.

ಆರು ಬಟ್ಟಲು ಛಲೋ ಬಂದವು. ನನ್ನ ಯಂತ್ರ ಹಳೆಯದು, ಉಳಿಯನ್ನು ಸರಿಸುವ ಹಿಡಿಕೆ ತುಸು ಸಡಿಲ. ಹಿಡಿಕೆ ಗುರುತು ದಾಟಿದರೆ ಪೂರ್ತಿ ಒಂದು ಸುತ್ತು ಹಿಂದೆ ಬಂದು, ಮತ್ತೆ ಮುಂದೆ ತಿರುಗಿಸಿ ಗುರುತಿಗೆ ನಿಲ್ಲಿಸಬೇಕು. ಕಲಿಯಲು ಬಂದವರಿಗೆ ಮೊದಲ ದಿನವೇ ಹೇಳುವ ಮಾತು. ಏಳನೆಯ ಬಟ್ಟಲಿಗೆ ಕೊನೆಯ ಕಡಿತ ಹಾಕುವಾಗ ನಾನು ಶೈಲಾ ಅವರೆದುರು ನನ್ನ ಕೈಯನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ. ಗುರುತು ದಾಟಿತು. ಸುಮ್ಮನೆ ತುಸು ಹಿಂದೆಳೆದು ಕಡಿದುಬಿಟ್ಟೆ. ತಾಮ್ರದ ಚೂರು ದಪ್ಪಗೆ ಸುರುಳಿಯಾಗಿ ಬಂದದ್ದು ನೋಡಿ, ಹೆಚ್ಚು ಕಡಿದೆನೆಂದು ಗೊತ್ತಾಗಿ ಯಂತ್ರ ನಿಲ್ಲಿಸಿದೆ.

ಎರಡು ತಾಸು ತಣಿಯಲು ಬಿಟ್ಟು, ಅವರದೇ ಮಾಪಕದಿಂದ ಅಳೆದೆವು. ಮೂರು ಸಲ ಅಳೆದರೂ ಅಷ್ಟೇ: ಒಳಗಿನ ಅಗಲ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಹೆಚ್ಚು. ಮಾಪಕವನ್ನೂ ಪರೀಕ್ಷಿಸಿದರು, ಸರಿಯಾಗಿತ್ತು. ಶೈಲಾ ಅಳತೆಯನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಸ್ಟೂಲಿನ ಮೇಲೆ ಕುಳಿತರು. ಬೈದಿದ್ದರೆ ಚೆನ್ನಾಗಿತ್ತು. ಕಡಿದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬಟ್ಟಲನ್ನು ಕಪಾಟಿನಲ್ಲಿಟ್ಟು, ಶಟರ್ ಎಳೆದು, ಕೀಲಿಕೈ ಕಿಸೆಗೆ ಹಾಕಿಕೊಂಡೆ.

ನವನಗರದ ಮನೆಯಲ್ಲಿ ಹೆಂಡತಿ, "ಯಾಕ್ರೀ, ಕೈ ಸುದ್ದಾ ತೊಳಕೊಳ್ಳದs ಕುಂತೀರಿ?" ಎಂದಳು. ಆ ಕೈಗಳನ್ನು ನೋಡಲೂ ಮನಸ್ಸಿರಲಿಲ್ಲ. ಯಾರಲ್ಲಾದರೂ ಸಹಾಯ ಕೇಳಬೇಕೆಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು. ಕೇಳಲು ಯಾರೂ ಇರಲಿಲ್ಲ.

ಮರುದಿನ ಮುಂಜಾನೆ ಕೀಲಿ ತೆಗೆದದ್ದು ನಾನೇ. ಬಟ್ಟಲಿನ ಅಂಚಿನಲ್ಲಿ ಶೈಲಾ ಅವರೇ ಒತ್ತಿದ್ದ ಏಳರ ಅಂಕಿ ಇತ್ತು. ಕೆಟ್ಟದ್ದೆಂದು ವರದಿ ಬರೆಯಲು ಬಂದಿದ್ದ ಅವರು ಇನ್ನೊಮ್ಮೆ ಅಳೆದು ಅದೇ ಪುಟದಲ್ಲಿ ಬರೆದುಕೊಂಡರು. ಮಾಪಕವನ್ನು ನನ್ನ ಕೈಗಿಟ್ಟರು. ನಾನೂ ಅಳೆದೆ. ಎಷ್ಟು ಬೇಕೋ ಅಷ್ಟೇ ಇತ್ತು.

"ರಾತ್ರಿ ಬಂದು ಮತ್ತ ಕಡಿದ್ರೇನ್ರಿ?"

"ಕಡಿದ್ರ ಇನ್ನೂ ದೊಡ್ಡದಾಗತೈತಿ, ತಂಗಿ. ಸಣ್ಣದು ಹೆಂಗಾದೀತು?"

ಸೆಕೆ, ತಂಪಿಗೆ ತಾಮ್ರ ಹಿಗ್ಗಿ ಕುಗ್ಗುವುದನ್ನೂ ಲೆಕ್ಕ ಹಾಕಿ ನೋಡಿದರು. ಕೂಡಲಿಲ್ಲ. ಉಳಿದ ಆರನ್ನೂ ಅಳೆದೆವು, ಒಂದೂ ಬದಲಾಗಿರಲಿಲ್ಲ.

ಉಳಿದ ಐದನ್ನೂ ಮಾಡಿಕೊಟ್ಟೆ, ಅವರ ಯಂತ್ರ ನಡೆಯಿತು. ಜನ ನನ್ನ ಕೈಯನ್ನು ಹೊಗಳುತ್ತಾರೆ. ಹನ್ನೊಂದು ಬಟ್ಟಲು ಹೇಗೆ ಮಾಡಿದೆನೆಂದು ಕೇಳಿ, ಎದೆ ತಟ್ಟಿ ಹೇಳುತ್ತೇನೆ. ಏಳನೆಯದನ್ನು ಕೆಡಿಸಿದ್ದು ಹೇಗೆಂದಷ್ಟೇ ಬಲ್ಲೆ.

ಹೋದ ತಿಂಗಳು ಶೈಲಾ ಆ ಹಳೆಯ ನೋಟುಬುಕ್ಕು ತಂದಿದ್ದರು. ಒಂದೇ ಪುಟ, ಒಂದೇ ಬಟ್ಟಲು, ಎರಡು ಅಳತೆ.

"ಎರಡೂ ನಾನs ಬರ್ದದ್ದು, ಕಾಕಾ. ಯಾವದನ್ನ ಹೊಡದು ಹಾಕ್ಲಿ? ನೀವs ಹೇಳ್ರಿ."

ಪೆನ್ನು ಕೊಟ್ಟರು. ಯಾವುದನ್ನೂ ಹೊಡೆದು ಹಾಕದೆ ಅದನ್ನು ಮತ್ತೆ ಅವರ ಕೈಗೇ ಕೊಟ್ಟೆ.