ಮರೆಗೆ ಅರೆದ ಸೊಪ್ಪು

ನಾಟಿ ಮದ್ದಿನ ಹಿರಿಮೆಯನ್ನು ಯಾರಾದರೂ ಹೊಗಳತೊಡಗಿದರೆ ನನಗೆ ಮೈ ಉರಿಯುತ್ತದೆ. ಸಿಟ್ಟು ಮದ್ದಿನ ಮೇಲಲ್ಲ. ಯಾವುದೋ ಒಂದು ಎಲೆಯಲ್ಲಿ ಗುಣ ಇದ್ದರೂ ಇರಬಹುದು. ಆ ಎಲೆ ಯಾವುದೆಂದು ಹೇಳದ ಬಾಯಿಗಳ ಮೇಲೆ ನನ್ನ ಸಿಟ್ಟು.

ಐವತ್ತರ ದಶಕದ ಮೊದಲಲ್ಲಿ ಚುಂಚನಕಟ್ಟೆಯ ಗದ್ದೆ ಬಯಲಿನಿಂದ ಹೊಸ ಅಗ್ರಹಾರದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದೆ. ನಮ್ಮತ್ತೆ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಭಾನುವಾರ ಬೆಳಗಾದರೆ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೂ ಜನ ಗಾಡಿ ಕಟ್ಟಿಕೊಂಡು ಬಂದು, ಹಸಿದ ಹೊಟ್ಟೆಯಲ್ಲಿ ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ಅತ್ತೆ ಕಾಸು ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆ ಇಟ್ಟರೆ ಆಯಿತು. ಬೇಲಿ ಸಾಲಿಗೆ ಒಬ್ಬರೇ ಹೋಗಿ, ಸೊಪ್ಪನ್ನು ಸೆರಗಿನಲ್ಲಿ ಮುಚ್ಚಿ ತಂದು, ಕೋಣೆಯ ಬಾಗಿಲು ಹಾಕಿಕೊಂಡು ಅರೆಯುತ್ತಿದ್ದರು. ಕಲ್ಲನ್ನು ತಾವೇ ತೊಳೆಯುತ್ತಿದ್ದರು. ಉಳಿದ ಕಡ್ಡಿಯನ್ನು ತಿಪ್ಪೆಗೆ ಹಾಕಿ ಮೇಲೆ ಸಗಣಿ ಎಳೆಯುತ್ತಿದ್ದರು.

ಒಮ್ಮೆ ಖುಷಿಯಲ್ಲಿದ್ದಾಗ ಅವರೇ ಹೇಳಿದರು: “ಮದ್ದು ಒಂದೇ ಕಣವ್ವ. ಮಿಕ್ಕಿದ್ ಸೊಪ್ಪೆಲ್ಲ ಮರೆಗೆ. ಯಾರಾರ ಇಣುಕುದ್ರೂ ಯಾವುದು ಅಂತ ಗೊತ್ತಾಗ್ಬಾರ್ದು.”

“ನಂಗಾದ್ರೂ ಹೇಳಿ ಅತ್ತೆ, ನಿಮ್ಗೂ ವಯಸ್ಸಾಯ್ತು,” ಎಂದೆ.

“ಹೇಳ್ಬುಟ್ರೆ ಕೈಗುಣ ಒಂಟೋಯ್ತದೆ. ಸಾಯೋವಾಗ ಮಗಂಗೆ ಹೇಳ್ತೀನಿ ಬುಡು. ನೀನು ನಾಳೆ ತವರಿಗೆ ಹೊತ್ಕೊಂಡೋದ್ರೆ?”

ಆ ಮಗ ಎಂದರೆ ನನ್ನ ಗಂಡ. ಉಳುಮೆಯಲ್ಲಿ ಎತ್ತಿದ ಕೈ, ಆದರೆ ತುಂಬೆಗೂ ತುಳಸಿಗೂ ವ್ಯತ್ಯಾಸ ತಿಳಿಯದವರು. ಹಸುವಿಗೆ ಸೊಪ್ಪು ಕೊಯ್ಯಲು ಬೇಲಿ ಬೇಲಿ ಸುತ್ತಿ ಒಂದೊಂದು ಗಿಡವನ್ನೂ ಗುರುತಿಟ್ಟುಕೊಂಡವಳು ನಾನು. ಏನು ಮಾಡುವುದು, ನಾನು ಹೊರಗಿನಿಂದ ಬಂದವಳು.

ಒಂದು ಮಳೆಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಬಿತ್ತು. ಎಡಗೈ ಮಾತ್ರ ನಡುಗುತ್ತ ಆಡುತ್ತಿತ್ತು. ಅದಾಗಿ ಸ್ವಲ್ಪ ದಿನಕ್ಕೇ ನನ್ನ ಮಗಳ ಕಣ್ಣು ಹಳದಿಯಾಯಿತು. ಆಗತಾನೇ ಮಾತು ಕಲಿತು ಮನೆ ತುಂಬ ಓಡಾಡುತ್ತಿದ್ದ ಕೂಸು ಅದು.

ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದೆ. “ಕಾಮಾಲೆ ಮದ್ದು ಕೊಡೋ ಮನೆಯೋರೇ ಆಸ್ಪತ್ರೆಗೋದ್ರೆ ಊರೋರು ಏನಂದಾರು?” ಎಂದರು ಗಂಡ.

ಬೇಲಿಗೆ ಓಡಿದೆ. ಅತ್ತೆ ಅಡ್ಡಾಡುತ್ತಿದ್ದ ಕಡೆಯಲ್ಲೆಲ್ಲ ಕಂಡ ಸೊಪ್ಪನ್ನು ಕಿತ್ತು ಮಡಿಲು ತುಂಬಿಕೊಂಡು ಬಂದು, ಒಂದೊಂದನ್ನೇ ಅವರ ಕಣ್ಣ ಮುಂದೆ ಹಿಡಿದೆ. ಕಿರುನೆಲ್ಲಿ. ಹರಳೆಲೆ. ಗರುಗದ ಸೊಪ್ಪು. “ಇದಾ ಅತ್ತೆ? ಇದಾ? ನಿಮ್ಮ ಮೊಮ್ಮಗಳಿಗೆ ಕಣತ್ತೆ.”

ಅತ್ತೆ ಕಣ್ಣು ಮುಚ್ಚಿಕೊಂಡರು. ರೆಪ್ಪೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಆದರೂ ನಾನು ಆ ಕೋಣೆಯಲ್ಲಿದ್ದಷ್ಟು ಹೊತ್ತೂ ಕಣ್ಣು ತೆರೆಯಲಿಲ್ಲ.

“ನೀನು ಆಚೆಗೋಗು,” ಎಂದರು ಗಂಡ. ಹೋದೆ. ಅವರು ಬಾಗಿಲು ಹಾಕಿಕೊಂಡರು. ಒಳಗೆ ಅತ್ತೆ ಒಂದು ಎಲೆಯತ್ತ ಬೆರಳು ಮಾಡಿದರಂತೆ. ಆ ನಡುಗುವ ಬೆರಳು ಯಾವುದರ ಮೇಲೆ ನಿಂತಿತೋ, ಇವರು ಯಾವುದನ್ನು ಎತ್ತಿಕೊಂಡರೋ ದೇವರಿಗೇ ಗೊತ್ತು. ಸ್ವಲ್ಪ ಹೊತ್ತಿಗೆ ಕಲ್ಲಿನ ಸದ್ದು ಕೇಳಿತು. ಮಗಳು ಮುಖ ಕಿವುಚಿ ಕುಡಿದಳು, ಕುಡಿದು ನನ್ನ ಸೆರಗಿಗೇ ಬಾಯಿ ಒರೆಸಿಕೊಂಡಳು.

ಹಳದಿ ಇಳಿಯಲಿಲ್ಲ, ಏರಿತು. ನಾಟಿ ಮದ್ದಿನ ಮೇಲೆ ಇಂಗ್ಲಿಷ್ ಮದ್ದು ಬೀಳಬಾರದು ಎಂದು ಗಂಡ ಕಾದರು. ಕೊನೆಗೆ ಗಾಡಿ ಕಟ್ಟಿ ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳಿಗೆ ನನ್ನ ಗುರುತೂ ಸಿಗುತ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಏನು ಕುಡಿಸಿದಿರಿ, ಆ ಸೊಪ್ಪು ತಂದುಕೊಡಿ, ಮೈಸೂರಿಗೆ ಕಳಿಸಿ ಅದರಲ್ಲಿ ಏನಿದೆಯೆಂದು ನೋಡಿಸುತ್ತೇನೆ, ಗುಣವಿದ್ದರೆ ನಾಲ್ಕು ಜನಕ್ಕೆ ಆಗುತ್ತದೆ ಎಂದರು.

“ಹೇಳಂಗಿಲ್ಲ ಸ್ವಾಮಿ,” ಎಂದರು ನನ್ನ ಗಂಡ, ನೆಲ ನೋಡುತ್ತ. ಮಗಳು ಅಲ್ಲೇ ಹೋದಳು.

ಆ ವರ್ಷ ಕಳೆಯುವುದರೊಳಗೆ ಅತ್ತೆಯೂ ಹೋದರು. ನನಗೆ ಅಳು ಬಂತೋ ಇಲ್ಲವೋ ನೆನಪಿಲ್ಲ. ಮಗನಿಗೆ ವಿದ್ಯೆ ಕೊಟ್ಟೇ ಹೋಗಿದ್ದಾರಂತೆ ಎಂಬ ಸುದ್ದಿ ಹಬ್ಬಿತು. ಭಾನುವಾರ ಮತ್ತೆ ಗಾಡಿಗಳು ಬಂದವು. ಗಂಡ ಹೆಗಲ ಮೇಲಿನ ಟವೆಲ್ಲಿನಲ್ಲಿ ಸೊಪ್ಪು ಮುಚ್ಚಿಕೊಂಡು ಬಂದರು, ಮರೆಗೆಂದು ಬೇರೆ ಸೊಪ್ಪುಗಳನ್ನೂ ಸೇರಿಸಿಕೊಂಡು.

“ಮಗೀಗೆ ಕೊಟ್ಟಿದ್ದು ಯಾವ ಸೊಪ್ಪು? ಅದೊಂದು ಹೇಳಿ,” ಎಂದು ದಾರಿಗೆ ಅಡ್ಡ ನಿಂತೆ.

“ನಿಂಗೆ ಹೇಳುದ್ರೆ ಕೈಗುಣ ಒಂಟೋಯ್ತದೆ ಕಣಮ್ಮಿ,” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜಗಲಿಯಲ್ಲಿ ಒಬ್ಬಳು ತಾಯಿ ಕೂತಿದ್ದಳು. ಮಡಿಲಲ್ಲಿದ್ದ ಮಗುವಿನ ಕಣ್ಣು ಹಳದಿ. “ನಿಮ್ಮನೇದು ಬೋ ಒಳ್ಳೆ ಕೈಯಂತೆ, ಅಲ್ವೇನವ್ವ?” ಎಂದಳು.

“ಆಸ್ಪತ್ರೆಗೆ ಕರ್ಕೊಂಡೋಗವ್ವ. ಈಗ್ಲೇ ಹೋಗು,” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅತ್ತೆ ಮನೆಯ ಹೆಸರು ಕೆಡಿಸುವ ಸೊಸೆ ಎಂದುಕೊಂಡಿರಬೇಕು. ಮಗುವನ್ನು ಎದೆಗೆ ಅವಚಿಕೊಂಡು, ನನ್ನಿಂದ ಸರಿದು, ಅರೆಯುವ ಸದ್ದು ಬರುತ್ತಿದ್ದ ಬಾಗಿಲ ಹತ್ತಿರ ಹೋಗಿ ಕೂತಳು.